ಕೈಗೆ ಬಂದ ಕುರ್ಚಿ ತಪ್ಪಿಸಿದರು, ಕೌಡೂರು ಹೆಗ್ಡೆ ತಲೆಬಾಗಲಿಲ್ಲ

ದಿಲ್ಲಿಯ ಹಳೇ ಪಾರ್ಲಿಮೆಂಟು ಭವನದಲ್ಲಿ ಎರಡು ಎತ್ತರದ ಕುರ್ಚಿಗಳಿದ್ದವು. ಒಂದು ಲೋಕಸಭೆಯ ಸ್ಪೀಕರ್ ಸಾಹೇಬರದು. ಇನ್ನೊಂದು ರಾಜ್ಯಸಭೆಯ ಸಭಾಪತಿಗಳದು. 1977ರ ಜುಲೈ ಕೊನೆಯಿಂದ 1979ರ ಆಗಸ್ಟ್ ಕೊನೆಯವರೆಗೆ, ಅಂದರೆ ಎರಡು ವರ್ಷಕ್ಕೂ ಮಿಕ್ಕಿ, ಆ ಎರಡೂ ಕುರ್ಚಿಗಳ ಮೇಲೆ ಕುಳಿತವರು ಕನ್ನಡಿಗರೇ. ಇಬ್ಬರೂ ಕರೀ ಕೋಟು ಹಾಕಿ ವಕೀಲಿ ಮಾಡಿ ಬಂದವರೇ.

ರಾಜ್ಯಸಭೆಯ ಕುರ್ಚಿಯಲ್ಲಿದ್ದವರು ನಮ್ಮ ಭಾಗದವರು. ಅಖಂಡ ವಿಜಾಪುರ ಜಿಲ್ಲೆಯ ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಕೊನೆಗೆ ದೇಶದ ಉಪರಾಷ್ಟ್ರಪತಿಯಾದ ಬಿ.ಡಿ. ಜತ್ತಿಯವರು. ಅವರ ಹೆಸರು ಟಿಕೋಟಾ ಸಂತೆಯಲ್ಲಿ ಕೇಳಿದರೂ ಹಿರಿಯರು ಹೇಳುತ್ತಾರೆ. ಆದರೆ ಲೋಕಸಭೆಯ ಕುರ್ಚಿಯಲ್ಲಿದ್ದ ಇನ್ನೊಬ್ಬ ಕನ್ನಡಿಗ ಯಾರು ಅಂತ ಕೇಳಿ ನೋಡಿ. ಗಾಂಧಿ ಚೌಕಿನಿಂದ ಬಸ್ ಸ್ಟ್ಯಾಂಡಿನವರೆಗೆ ಕೇಳುತ್ತಾ ಹೋದರೂ ಉತ್ತರ ಸಿಗುವುದು ಕಷ್ಟ.

ಅವರೇ ನ್ಯಾಯಮೂರ್ತಿ ಕೌಡೂರು ಸದಾನಂದ ಹೆಗ್ಡೆ. ಪೇಪರಿನವರ ಬಾಯಲ್ಲಿ ಕೆ.ಎಸ್. ಹೆಗ್ಡೆ.

ವಕೀಲ, ಸರ್ಕಾರಿ ವಕೀಲ, ರಾಜ್ಯಸಭೆಯ ಸದಸ್ಯ, ಹೈಕೋರ್ಟ್ ಜಡ್ಜ್, ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಸುಪ್ರೀಂ ಕೋರ್ಟ್ ಜಡ್ಜ್, ಲೋಕಸಭೆಯ ಸದಸ್ಯ, ಸ್ಪೀಕರ್. ಒಬ್ಬನೇ ಮನುಷ್ಯ ಒಂದೇ ಜನ್ಮದಲ್ಲಿ ಇಷ್ಟು ಮೆಟ್ಟಿಲು ಹತ್ತಿದ್ದು ಭಾಳ ಅಪರೂಪ. ಆದರೆ ಅವರನ್ನು ನೆನೆಯಬೇಕಾದ್ದು ಹತ್ತಿದ ಮೆಟ್ಟಿಲುಗಳಿಗಾಗಿ ಅಲ್ಲ. 1973ರ ಏಪ್ರಿಲ್ ತಿಂಗಳಲ್ಲಿ ತಾವಾಗಿ ಇಳಿದು ಬಂದ ಒಂದು ಮೆಟ್ಟಿಲಿಗಾಗಿ.

ಕಾರ್ಕಳದಿಂದ ದಿಲ್ಲಿಗೆ

1909ರ ಜೂನ್ 11ರಂದು ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹೆಗ್ಡೆಯವರ ಜನನ. ಆಗ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯಕ್ಕೆ ಸೇರಿತ್ತು, ನಮ್ಮ ವಿಜಾಪುರ ಮುಂಬಯಿ ಪ್ರಾಂತ್ಯಕ್ಕೆ. ಇಲ್ಲಿನ ಹುಡುಗ ಕಾನೂನು ಓದಬೇಕೆಂದರೆ ಮುಂಬಯಿ, ಪುಣೆ, ಕೊಲ್ಹಾಪುರ ಅಂತ ಹೊರಡುತ್ತಿದ್ದ. ಅಲ್ಲಿನ ಹುಡುಗ ಮದ್ರಾಸಿನ ರೈಲು ಹತ್ತುತ್ತಿದ್ದ. ಹೆಗ್ಡೆಯವರೂ ಹಾಗೇ ಮಾಡಿದರು. ಊರಲ್ಲಿ, ಕಾರ್ಕಳದಲ್ಲಿ, ಮಂಗಳೂರಿನಲ್ಲಿ ಓದಿ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಲಾ ಕಾಲೇಜು ಮುಗಿಸಿ ಊರ ಕಡೆ ಬಂದು ವಕೀಲಿ ಶುರು ಮಾಡಿದರು.

ಸ್ವಾತಂತ್ರ್ಯ ಬಂದ 1947ರಿಂದ 1951ರವರೆಗೆ ಅವರು ಸರ್ಕಾರಿ ವಕೀಲರೂ ಪಬ್ಲಿಕ್ ಪ್ರಾಸಿಕ್ಯೂಟರೂ ಆಗಿದ್ದರು. ಸರ್ಕಾರದ ಪರ ನಿಂತು ವಾದಿಸೋ ಕೆಲಸ. ಮುಂದೆ ಅದೇ ಸರ್ಕಾರದ ವಿರುದ್ಧ ತೀರ್ಪು ಬರೆಯೋ ಕಾಲ ಬರುತ್ತದೆ ಅಂತ ಆಗ ಯಾರು ಎಣಿಸಿದ್ದರು?

1952ರಲ್ಲಿ ರಾಜ್ಯಸಭೆ ಹೊಸದಾಗಿ ಶುರುವಾಯಿತು. ಮದ್ರಾಸು ರಾಜ್ಯದಿಂದ ಕಾಂಗ್ರೆಸ್ ಪಕ್ಷದ ಸದಸ್ಯರಾಗಿ ಹೆಗ್ಡೆ ದಿಲ್ಲಿಗೆ ಹೋದರು. ಐದು ವರ್ಷ ಅಲ್ಲಿದ್ದರು. ಕಾನೂನು ಹ್ಯಾಂಗ ತಯಾರಾಗುತ್ತದೆ, ಎಲ್ಲಿ ಹೊಲಿಗೆ ಬಿಡುತ್ತದೆ ಅನ್ನುವುದನ್ನು ಒಳಗೇ ಕೂತು ನೋಡಿದರು. ಆ ಅನುಭವ ಮುಂದೆ ಕೋರ್ಟಿನಲ್ಲೂ ಕೆಲಸಕ್ಕೆ ಬಂತು.

ವಿಜಾಪುರದ ಅಪೀಲೂ ಬೆಂಗಳೂರಿಗೆ

1956ರ ನವೆಂಬರ್ 1ರಂದು ರಾಜ್ಯಗಳ ಗಡಿ ಬದಲಾಯಿತು. ವಿಜಾಪುರ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು. ದಕ್ಷಿಣ ಕನ್ನಡ ಮದ್ರಾಸು ಬಿಟ್ಟು ಬಂತು. ಕಲಬುರಗಿ, ರಾಯಚೂರು, ಬೀದರ ಹೈದರಾಬಾದಿನಿಂದ ಬಂದವು. ಕೊಡಗು ಬೇರೆಯೇ ರಾಜ್ಯವಾಗಿತ್ತು, ಅದೂ ಕೂಡಿಕೊಂಡಿತು. ಮಂದಿಗೆ ಹಬ್ಬ, ಕೋರ್ಟಿನವರಿಗೆ ತಲೆನೋವು. ಯಾಕಂದ್ರ ಗಡಿ ಒಂದೇ ದಿನದಲ್ಲಿ ಬದಲಾಗಬಹುದು, ಕಾಯ್ದೆ ಬದಲಾಗೋದಿಲ್ಲ.

ಬಬಲೇಶ್ವರದ ಕಡೆ ಹೊಲವನ್ನು ಲಾವಣಿಗೆ ಹಿಡಿದ ರೈತನಿಗೆ 1948ರ ಮುಂಬಯಿ ಟೆನೆನ್ಸಿ ಕಾಯ್ದೆಯೇ ಮುಂದುವರಿಯಿತು. ಮಂಗಳೂರು ಕಡೆಯವನಿಗೆ ಮೂಲಗೇಣಿ, ಚಾಲಗೇಣಿ ಅಂತ ಬೇರೆಯೇ ಲೆಕ್ಕ. ಹಳೇ ಮೈಸೂರಿನವನಿಗೆ ಇನ್ನೊಂದು. ಇವೆಲ್ಲದರ ಅಪೀಲು ಬೆಂಗಳೂರಿನ ಒಂದೇ ಹೈಕೋರ್ಟಿಗೆ. ಅದುವರೆಗೆ ಮುಂಬಯಿ ಹೈಕೋರ್ಟಿನ ದಾರಿ ಹಿಡಿಯುತ್ತಿದ್ದ ವಿಜಾಪುರದ ವಕೀಲ ಸಾಹೇಬರು ಕಾಗದಪತ್ರದ ಗಂಟು ಕಟ್ಟಿಕೊಂಡು ಐನೂರು ಕಿಲೋಮೀಟರ್ ಮೀರಿದ ಬೆಂಗಳೂರಿಗೆ ಮುಖ ಮಾಡಿದರು.

ಇಂಥ ಹೊತ್ತಿನಲ್ಲಿ, 1957ರ ಆಗಸ್ಟ್‌ನಲ್ಲಿ, ಹೆಗ್ಡೆಯವರು ರಾಜ್ಯಸಭೆ ಬಿಟ್ಟು ಮೈಸೂರು ಹೈಕೋರ್ಟಿನ ಜಡ್ಜ್ ಆದರು. ಒಂಬತ್ತು ವರ್ಷ ಅಲ್ಲೇ ಇದ್ದರು. ಐದು ಕಡೆಯ ಕಾಯ್ದೆ ಒಂದೇ ಮೇಜಿನ ಮೇಲೆ ಇಟ್ಟುಕೊಂಡು ನ್ಯಾಯ ಹೇಳಬೇಕಾದ ಕಾಲ ಅದು. ವಿಜಾಪುರ ಜಿಲ್ಲೆಯ ಮಂದಿಗೆ ಹೈಕೋರ್ಟು ಹತ್ತಿರವಾಗಲು ಮತ್ತೆ ಅರ್ಧ ಶತಮಾನ ಬೇಕಾಯಿತು. 2008ರಲ್ಲಿ ಕಲಬುರಗಿಯಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು.

1966ರಲ್ಲಿ ದಿಲ್ಲಿಗೆ ಪ್ರತ್ಯೇಕ ಹೈಕೋರ್ಟು ಸ್ಥಾಪನೆಯಾದಾಗ ಅದರ ಮೊಟ್ಟಮೊದಲ ಮುಖ್ಯ ನ್ಯಾಯಮೂರ್ತಿಯಾಗಿ ಆರಿಸಿದ್ದು ಹೆಗ್ಡೆಯವರನ್ನು. ಆಗ ಹಿಮಾಚಲ ಪ್ರದೇಶದ ಕೇಸುಗಳೂ ಅದೇ ಹೈಕೋರ್ಟಿಗೆ ಬರುತ್ತಿದ್ದವು. ಅಲ್ಲಿ ಒಂದು ವರ್ಷ ತುಂಬೋದರೊಳಗೆ, 1967ರ ಜುಲೈನಲ್ಲಿ, ಸುಪ್ರೀಂ ಕೋರ್ಟಿಗೆ ಬಡ್ತಿ.

ಬೆಕ್ಕಿಗೇ ಹಾಲಿನ ಕಾವಲು

ಸುಪ್ರೀಂ ಕೋರ್ಟಿನಲ್ಲಿ ಹೆಗ್ಡೆಯವರು ಬರೆದ ತೀರ್ಪುಗಳಲ್ಲಿ ಒಂದು ಇವತ್ತಿಗೂ ಸಣ್ಣ ಅಂಗಡಿಕಾರನಿಗೆ ಆಸರೆ. ಅದು 1969ರ ಕ್ರೈಪಾಕ್ ಕೇಸು.

ಸಂಗತಿ ಇಷ್ಟು. ಜಮ್ಮು ಕಾಶ್ಮೀರದಲ್ಲಿ ಅರಣ್ಯ ಇಲಾಖೆಯ ಅಧಿಕಾರಿಗಳನ್ನು ಅಖಿಲ ಭಾರತ ಅರಣ್ಯ ಸೇವೆಗೆ ಆರಿಸಬೇಕಿತ್ತು. ಆರಿಸಲು ಒಂದು ಸಮಿತಿ. ಆ ಸಮಿತಿಯಲ್ಲಿ ಅಲ್ಲಿನ ಅರಣ್ಯ ಇಲಾಖೆಯ ಹಂಗಾಮಿ ಮುಖ್ಯಸ್ಥರೂ ಒಬ್ಬ ಸದಸ್ಯರು. ಮಜಾ ಏನೆಂದರೆ ಆ ಹುದ್ದೆಗೆ ಅವರೂ ಒಬ್ಬ ಅಭ್ಯರ್ಥಿ! ತಮ್ಮ ಹೆಸರಿನ ಚರ್ಚೆ ಬಂದಾಗ ಎದ್ದು ಹೊರಗೆ ಹೋದರಂತೆ. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತೇ ಇದ್ದರು. ಪಟ್ಟಿ ಹೊರಬಿದ್ದಾಗ ಅವರದೇ ಹೆಸರು ಮೊದಲು.

ಇದು ಕೋರ್ಟಿನ ವಿಚಾರಣೆ ಅಲ್ಲ, ಬರೀ ಕಚೇರಿಯ ಕೆಲಸ, ಇದಕ್ಕೆ ನ್ಯಾಯದ ನಿಯಮ ಯಾಕೆ ಅಂತ ಸರ್ಕಾರದ ವಾದ. ಐವರು ನ್ಯಾಯಾಧೀಶರ ಪೀಠದ ಪರವಾಗಿ ಹೆಗ್ಡೆಯವರು ತೀರ್ಪು ಬರೆದರು. ಕಚೇರಿಯ ಕೆಲಸವಾದರೂ ಅದು ಮನುಷ್ಯನ ಹಕ್ಕನ್ನು ಮುಟ್ಟುವಂತಿದ್ದರೆ ನ್ಯಾಯವಾಗಿಯೇ ನಡೆಯಬೇಕು, ತನ್ನ ಕೇಸಿಗೆ ತಾನೇ ಜಡ್ಜ್ ಆಗುವಂತಿಲ್ಲ ಅನ್ನೋದು ಅದರ ಸಾರ. ಆಯ್ಕೆ ರದ್ದಾಯಿತು.

ಇದರಿಂದ ನಮಗೇನು ಅಂತ ಕೇಳಬಹುದು. ಮಾರ್ಕೆಟ್ಟಿನ ಒಬ್ಬ ವ್ಯಾಪಾರಿಯ ಲೈಸೆನ್ಸ್ ರದ್ದು ಮಾಡೋ ಮೊದಲು ನೋಟೀಸು ಕೊಡಬೇಕು, ಅವನ ಮಾತು ಕೇಳಬೇಕು ಅಂತ ಇವತ್ತು ವಕೀಲರು ಗಟ್ಟಿಯಾಗಿ ವಾದಿಸುತ್ತಾರಲ್ಲ, ಆ ವಾದಕ್ಕೆ ಬಲ ಕೊಟ್ಟ ತೀರ್ಪುಗಳಲ್ಲಿ ಇದು ಮುಂಚೂಣಿಯದು. ಸಾಹೇಬರ ಟೇಬಲ್ಲಿನ ಮೇಲೂ ನ್ಯಾಯ ಇರಬೇಕು ಅಂತ ಹೇಳಿದ್ದು ಈ ಕೌಡೂರಿನ ಮನುಷ್ಯ.

ಸರ್ಕಾರದ ಕೆಂಗಣ್ಣು

1969ರ ಜುಲೈನಲ್ಲಿ ಇಂದಿರಾಗಾಂಧಿಯವರ ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಅದರಲ್ಲಿ ಕೆನರಾ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಎರಡೂ ಹೆಗ್ಡೆಯವರ ಜಿಲ್ಲೆಯಲ್ಲೇ ಹುಟ್ಟಿದವು. 1970ರ ಫೆಬ್ರವರಿಯಲ್ಲಿ 11 ಜನರ ಪೀಠ ಆ ಕಾಯ್ದೆಯನ್ನು ತಳ್ಳಿಹಾಕಿತು. ಮುಖ್ಯ ತಕರಾರು ಪರಿಹಾರದ ಲೆಕ್ಕದ್ದು, ತಾರತಮ್ಯದ್ದು. 10 ಜನ ಒಂದು ಕಡೆ, ಅವರಲ್ಲಿ ಹೆಗ್ಡೆಯವರೂ ಒಬ್ಬರು. ಇನ್ನೊಂದು ಕಡೆ ಒಬ್ಬರೇ ಒಬ್ಬರು: ನ್ಯಾಯಮೂರ್ತಿ ಎ.ಎನ್. ರೇ. ಈ ಹೆಸರು ನೆನಪಿಡಿ, ಮುಂದೆ ಬರುತ್ತದೆ.

ಅದೇ ವರ್ಷ ಡಿಸೆಂಬರಿನಲ್ಲಿ ಮಾಜಿ ಅರಸರ ರಾಜಧನದ ಕೇಸು. ದೇಶದಲ್ಲಿ ವಿಲೀನವಾದ ಸಂಸ್ಥಾನಗಳ ಅರಸರಿಗೆ, ನಮ್ಮ ಪಕ್ಕದ ಜಮಖಂಡಿ, ಮುಧೋಳದಂಥವರಿಗೂ, ವರ್ಷಕ್ಕಿಷ್ಟು ಅಂತ ಸರ್ಕಾರ ಕೊಡುತ್ತಿತ್ತು. ಒಂದು ಆದೇಶ ಹೊರಡಿಸಿ ಅದನ್ನು ನಿಲ್ಲಿಸಿದ್ದು ಸರಿಯಲ್ಲ ಅಂತ ಕೋರ್ಟು ಹೇಳಿತು. ಅಲ್ಲೂ ಹೆಗ್ಡೆ ಬಹುಮತದ ಕಡೆ, ರೇ ಅಲ್ಪಮತದ ಕಡೆ.

ಆಗ ಬೀದಿಯಲ್ಲಿ ಮಾತು ಹುಟ್ಟಿತು: ಈ ಜಡ್ಜುಗಳು ಶ್ರೀಮಂತರ ಪರ, ರಾಜಮಹಾರಾಜರ ಪರ ಅಂತ. ಈ ಮಾತನ್ನು ಪೂರ್ತಿ ತೆಗೆದುಹಾಕುವಂತೆಯೂ ಇಲ್ಲ. ಬಡವನಿಗೆ ಬ್ಯಾಂಕಿನ ಬಾಗಿಲು ತೆರೆಯಬೇಕು, ಉಳುವವನಿಗೆ ಭೂಮಿ ಸಿಗಬೇಕು ಅನ್ನೋ ಕಾಲದಲ್ಲಿ ಕೋರ್ಟು ಅಡ್ಡ ಬರುತ್ತದೆ ಅಂತ ಅನೇಕ ಪ್ರಾಮಾಣಿಕರಿಗೂ ಅನಿಸಿತ್ತು.

1972ರಲ್ಲಿ ಮತ್ತೊಂದು ಕಿಡಿ. ರಾಯಬರೇಲಿಯಲ್ಲಿ ಇಂದಿರಾಗಾಂಧಿಯವರ ಗೆಲುವನ್ನು ಪ್ರಶ್ನಿಸಿ ರಾಜನಾರಾಯಣ್ ಅಲಹಾಬಾದ್ ಹೈಕೋರ್ಟಿಗೆ ಹೋಗಿದ್ದರು. ಸರ್ಕಾರಿ ನೌಕರರಾಗಿದ್ದ ಯಶಪಾಲ್ ಕಪೂರ್ ಅವರನ್ನು ಚುನಾವಣೆ ಕೆಲಸಕ್ಕೆ ಬಳಸಿಕೊಂಡರು ಅನ್ನೋ ಆರೋಪದ ವಿಚಾರಣೆ ನಡೆಯಬೇಕೋ ಬೇಡವೋ ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ನಡೆಯಲಿ ಅಂತ ಆದೇಶ ಬರೆದವರು ಹೆಗ್ಡೆ. 1975ರ ಜೂನ್ 12ರಂದು ಆ ಕೇಸಿನಲ್ಲೇ ಪ್ರಧಾನಿಯ ಆಯ್ಕೆ ರದ್ದಾದದ್ದು, ಹದಿಮೂರು ದಿನಕ್ಕೆ ತುರ್ತುಪರಿಸ್ಥಿತಿ ಬಂದದ್ದು ಎಲ್ಲರಿಗೂ ಗೊತ್ತಿರೋ ಕಥೆ.

ಬಾಡಿಗೆ ಅಂಗಡಿಯ ಕಂಬ

ಇನ್ನು ದೊಡ್ಡ ಕೇಸಿನ ಮಾತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಭೂಮಿ ಹೋಗುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕನ್ನಡದ ಮಠದ ಆ ಅರ್ಜಿ ಕೊನೆಗೆ ದೇಶದ ಸಂವಿಧಾನದ ಕೇಸೇ ಆಯಿತು. ಪ್ರಶ್ನೆ ಒಂದೇ: ಪಾರ್ಲಿಮೆಂಟು ಸಂವಿಧಾನವನ್ನು ಎಷ್ಟರಮಟ್ಟಿಗೆ ತಿದ್ದಬಹುದು? ಎಲ್ಲಾ ಬದಲಿಸಬಹುದೋ, ಅದಕ್ಕೂ ಒಂದು ಗೆರೆ ಐತೋ?

13 ನ್ಯಾಯಾಧೀಶರು ಕೂತರು. 1972ರ ಅಕ್ಟೋಬರ್ ಕೊನೆಯಿಂದ 1973ರ ಮಾರ್ಚ್‌ವರೆಗೆ 68 ದಿನ ವಾದ. 1973ರ ಏಪ್ರಿಲ್ 24ರಂದು ತೀರ್ಪು. 7 ಜನ ಒಂದು ಕಡೆ, 6 ಜನ ಇನ್ನೊಂದು ಕಡೆ. ಒಂದೇ ಒಂದು ಮತದ ಅಂತರ. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯಾ ಅವರ ಜೊತೆ ಕೂಡಿ ಬರೆದ ತೀರ್ಪು ಏಳರ ಕಡೆ. ರೇ ಅವರದು ಆರರ ಕಡೆ.

ತೀರ್ಪಿನ ತಿರುಳನ್ನು ನಮ್ಮ ಅಂಗಡಿ ಭಾಷೆಯಲ್ಲಿ ಹೇಳಬಹುದು. ಐದು ವರ್ಷದ ಕರಾರಿಗೆ ಒಬ್ಬ ಅಂಗಡಿ ಬಾಡಿಗೆ ಹಿಡಿದ. ಬಣ್ಣ ಬಳಿಯಲಿ, ಶಟರ್ ಬದಲಿಸಲಿ, ಒಳಗೆ ಅಟ್ಟ ಕಟ್ಟಲಿ, ಕೌಂಟರು ಆ ಕಡೆಯಿಂದ ಈ ಕಡೆಗೆ ಸರಿಸಲಿ. ಯಾರೂ ಬೇಡ ಅನ್ನೋದಿಲ್ಲ. ಆದರೆ ಕಂಬ ಕಡಿದರೆ? ಮಾಳಿಗೆ ಬೀಳುತ್ತದೆ. ಮಾಲೀಕ ಸುಮ್ಮನಿರುತ್ತಾನೇನು? ಪಾರ್ಲಿಮೆಂಟು ಬಾಡಿಗೆದಾರ, ಮಾಲೀಕರು ದೇಶದ ಮಂದಿ. ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆ ಕೆಡವುವಂತಿಲ್ಲ.

ಆ ಕಂಬಗಳು ಯಾವುವು? ಹೆಗ್ಡೆ, ಮುಖರ್ಜಿಯಾ ಇಬ್ಬರೂ ಹೆಸರಿಸಿದರು: ದೇಶದ ಸಾರ್ವಭೌಮತ್ವ, ಏಕತೆ, ಪ್ರಜಾಪ್ರಭುತ್ವ, ವ್ಯಕ್ತಿಯ ಸ್ವಾತಂತ್ರ್ಯದ ಮುಖ್ಯ ಅಂಶಗಳು. ಜೊತೆಗೆ ಇನ್ನೊಂದು: ಎಲ್ಲರ ಯೋಗಕ್ಷೇಮ ನೋಡುವ ಕಲ್ಯಾಣ ರಾಜ್ಯ ಕಟ್ಟುವ ಹೊಣೆ. ಬಡವರ ವಿರೋಧಿ ಅನಿಸಿಕೊಂಡ ಜಡ್ಜ್ ಸಾಹೇಬರು ಬಡವರ ಕಡೆಗಿನ ಹೊಣೆಯನ್ನೂ ಕಂಬಗಳ ಸಾಲಿನಲ್ಲೇ ನಿಲ್ಲಿಸಿದ್ದರು. ಇದನ್ನು ಆಗ ಭಾಷಣ ಮಾಡಿದವರು ಹೇಳಲೇ ಇಲ್ಲ.

ರೇಡಿಯೋದಲ್ಲಿ ಬಂದ ಸುದ್ದಿ

ತೀರ್ಪಿನ ಮರುದಿನ, ಏಪ್ರಿಲ್ 25. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿಯವರ ಅವಧಿ ಮುಗಿಯುವ ದಿನ. ಸೀನಿಯಾರಿಟಿ ಪ್ರಕಾರ ಮುಂದಿನ ಸರದಿ ಜೆ.ಎಂ. ಶೆಲತ್ ಅವರದು. ಆಮೇಲೆ ಹೆಗ್ಡೆ. ಆಮೇಲೆ ಎ.ಎನ್. ಗ್ರೋವರ್. ನಾಲ್ಕನೆಯವರು ರೇ.

ಅಂದು ಆಕಾಶವಾಣಿಯಲ್ಲಿ ಸುದ್ದಿ ಬಂತು. ಹೊಸ ಮುಖ್ಯ ನ್ಯಾಯಮೂರ್ತಿ ಎ.ಎನ್. ರೇ!

ಬಸ್ ಡಿಪೋದಲ್ಲಾಗಲಿ, ಸಾಲಿ ಮಾಸ್ತರರ ಪಟ್ಟಿಯಲ್ಲಾಗಲಿ ಸೀನಿಯಾರಿಟಿ ತಪ್ಪಿಸಿದರೆ ಏನಾಗುತ್ತದೆ ಅನ್ನುವುದು ನೌಕರಿ ಮಾಡಿದ ಪ್ರತಿಯೊಬ್ಬನಿಗೂ ಗೊತ್ತು. ಇಲ್ಲಿ ತಪ್ಪಿಸಿದ್ದು ದೇಶದ ಅತಿ ಎತ್ತರದ ಕೋರ್ಟಿನಲ್ಲಿ, ಅದೂ ಒಬ್ಬರನ್ನಲ್ಲ, ಮೂವರನ್ನು. ಆ ಮೂವರೂ ಹಿಂದಿನ ದಿನ ಏಳರ ಕಡೆ ನಿಂತವರು. ಮೇಲೇರಿದವರು ಆರರ ಕಡೆಯವರು.

ಹೆಗ್ಡೆಯವರ ಮಟ್ಟಿಗೆ ಹೋದದ್ದೇನು? ಶೆಲತ್ ಅವರಿಗೆ ಜುಲೈನಲ್ಲಿ 65 ತುಂಬುತ್ತಿತ್ತು. ಆಮೇಲೆ 1974ರ ಜೂನ್‌ವರೆಗೆ, ಸುಮಾರು ಹನ್ನೊಂದು ತಿಂಗಳು, ದೇಶದ ಮುಖ್ಯ ನ್ಯಾಯಮೂರ್ತಿಯ ಕುರ್ಚಿ ಹೆಗ್ಡೆಯವರದಾಗುತ್ತಿತ್ತು. ಬೆಂಗಳೂರಿನ ಹೈಕೋರ್ಟಿನಲ್ಲಿ ಜಡ್ಜ್ ಆಗಿದ್ದ ಯಾರೂ ಅದುವರೆಗೆ ಆ ಕುರ್ಚಿ ಏರಿರಲಿಲ್ಲ. ಆ ಮಾನ ಕರ್ನಾಟಕಕ್ಕೆ ಸಿಕ್ಕಿದ್ದು 1989ರಲ್ಲಿ, ಇ.ಎಸ್. ವೆಂಕಟರಾಮಯ್ಯನವರ ಕಾಲಕ್ಕೆ.

ಸರ್ಕಾರಕ್ಕೂ ಒಂದು ವಾದ ಇತ್ತು. ಬರೀ ಸೀನಿಯಾರಿಟಿ ನೋಡಿ ಮುಖ್ಯ ನ್ಯಾಯಮೂರ್ತಿಯನ್ನು ಮಾಡಬಾರದು ಅಂತ 1958ರಲ್ಲೇ ಕಾನೂನು ಆಯೋಗ ಶಿಫಾರಸು ಮಾಡಿತ್ತು. ಮಂತ್ರಿ ಮೋಹನ್ ಕುಮಾರಮಂಗಲಂ ಅದನ್ನೇ ಹಿಡಿದು ಲೋಕಸಭೆಯಲ್ಲಿ ಸಮರ್ಥನೆ ಮಾಡಿದರು. ಜಡ್ಜ್ ಆದವನು ಕಾಲದ ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಬೇಕು ಅನ್ನೋ ಧಾಟಿ. ಆದರೆ ಆಯೋಗ ಹೇಳಿದ್ದು ಯೋಗ್ಯತೆ ನೋಡಿ ಅಂತ. ಸರ್ಕಾರದ ಪರ ಬರೆದ ತೀರ್ಪು ನೋಡಿ ಅಂತ ಅಲ್ಲ. ಈ ವ್ಯತ್ಯಾಸ ಯಾರ ಕಣ್ಣಿಗೂ ಮರೆಯಾಗಲಿಲ್ಲ. ದೇಶದ ತುಂಬ ವಕೀಲರ ಸಂಘಗಳು ಸಿಡಿದೆದ್ದವು. ವಿಜಾಪುರ ಮುಂಬಯಿ ಹೈಕೋರ್ಟಿನ ಕೆಳಗಿದ್ದಾಗ ಅಲ್ಲಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಎಂ.ಸಿ. ಛಾಗ್ಲಾ ಅವರೂ ಬಹಿರಂಗವಾಗಿ ಖಂಡಿಸಿದರು.

ಹೆಗ್ಡೆಯವರ ಮುಂದೆ ಎರಡು ದಾರಿ. ಒಂದು, ಸುಮ್ಮನೆ ಕೂತು ಇನ್ನೊಂದು ವರ್ಷ ಸಂಬಳ, ಬಂಗಲೆ, ಕಾರು ಅನುಭವಿಸಿ ನಿವೃತ್ತಿಯಾಗೋದು. ಹೊಟ್ಟೆಪಾಡಿನ ಲೆಕ್ಕದಲ್ಲಿ ಅದೇ ಜಾಣತನ. ಇನ್ನೊಂದು, ಹೊರಗೆ ಬರೋದು. ಅವರು ಎರಡನೆಯದನ್ನು ಹಿಡಿದರು. ಶೆಲತ್, ಗ್ರೋವರ್ ಕೂಡ ಹಾಗೇ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. ಏಪ್ರಿಲ್ 30ಕ್ಕೆ ಹೆಗ್ಡೆಯವರ ಜಡ್ಜ್‌ಗಿರಿ ಮುಗಿಯಿತು.

ಇದರಿಂದ ಆ ಹೊತ್ತಿಗೆ ಸರ್ಕಾರವೇನೂ ಬೀಳಲಿಲ್ಲ, ಆದೇಶವೇನೂ ಬದಲಾಗಲಿಲ್ಲ. ಆದರೆ ಜಡ್ಜ್ ಆದವನು ಬಡ್ತಿಗೆ ಕೈಯೊಡ್ಡಿ ಕೂರುವವನಲ್ಲ ಅಂತ ಊರೂರಿಗೂ ತಿಳಿಯಿತು.

ಮತ ಕೇಳಲು ಬೀದಿಗೆ

ನಾಲ್ಕು ವರ್ಷ ಕಳೆಯಿತು. ತುರ್ತುಪರಿಸ್ಥಿತಿ ಬಂತು, ಹೋಯಿತು. 1977ರ ಮಾರ್ಚ್‌ನಲ್ಲಿ ಲೋಕಸಭೆ ಚುನಾವಣೆ. ಜನತಾ ಪಕ್ಷದಿಂದ ಬೆಂಗಳೂರು ದಕ್ಷಿಣದಲ್ಲಿ ನಿಂತವರು 67 ವರ್ಷದ ಕೆ.ಎಸ್. ಹೆಗ್ಡೆ. ಗುರುತು ಚಕ್ರದೊಳಗೆ ನೇಗಿಲು ಹೊತ್ತ ರೈತ. ಎದುರಿಗೆ ಸಣ್ಣ ಆಳಲ್ಲ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು!

ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಗುಡಿಸಿ ಹೋಯಿತು. ಕರ್ನಾಟಕದ ಗಾಳಿ ಬೇರೆ. ದೇವರಾಜ ಅರಸರ ಆಡಳಿತ, ಉಳುವವನಿಗೆ ಭೂಮಿ ಅನ್ನೋ ಕಾಯ್ದೆಯ ಬಿಸಿ. ವಿಜಾಪುರವೂ ಸೇರಿ ರಾಜ್ಯದ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ. ಜನತಾ ಪಕ್ಷಕ್ಕೆ ಸಿಕ್ಕಿದ್ದು ಎರಡೇ ಎರಡು. ಒಂದು ಹಾಸನ, ಇನ್ನೊಂದು ಬೆಂಗಳೂರು ದಕ್ಷಿಣ. ಜಡ್ಜ್ ಸಾಹೇಬರು ಗೆದ್ದರು.

ಸ್ಪೀಕರ್ ಆಗಿದ್ದ ನೀಲಂ ಸಂಜೀವರೆಡ್ಡಿ ರಾಷ್ಟ್ರಪತಿ ಹುದ್ದೆಗೆ ಹೋಗುವುದಕ್ಕಾಗಿ ಜಾಗ ತೆರವು ಮಾಡಿದರು. 1977ರ ಜುಲೈ 21ರಂದು ಲೋಕಸಭೆ ಹೆಗ್ಡೆಯವರನ್ನು ಸ್ಪೀಕರ್ ಆಗಿ ಆರಿಸಿತು. ಅದೇ ವಾರ ಹಂಗಾಮಿ ರಾಷ್ಟ್ರಪತಿ ಕೆಲಸ ಮುಗಿಸಿದ ಜತ್ತಿಯವರು ರಾಜ್ಯಸಭೆಯ ಪೀಠಕ್ಕೆ ಮರಳಿದರು. ಸಾವಳಗಿ ಅತ್ತ, ಕೌಡೂರು ಇತ್ತ.

ಬಿಗಿ ಗಂಟು

1978ರ ನವೆಂಬರಿನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆ. ಇಂದಿರಾಗಾಂಧಿಯವರು ಗೆದ್ದು ಲೋಕಸಭೆಗೆ ಬಂದರು. ಯಾರನ್ನು ತಮ್ಮ ಸರ್ಕಾರ ಬದಿಗೆ ಸರಿಸಿತ್ತೋ, ಅವರೇ ಎದುರಿಗೆ ಸ್ಪೀಕರ್ ಪೀಠದಲ್ಲಿ!

ಮಾರುತಿ ಕಂಪನಿಯ ಬಗ್ಗೆ ಪಾರ್ಲಿಮೆಂಟಿನ ಪ್ರಶ್ನೆಗೆ ಮಾಹಿತಿ ಕೂಡಿಸುತ್ತಿದ್ದ ಅಧಿಕಾರಿಗಳಿಗೆ ಅವರು ಪ್ರಧಾನಿಯಾಗಿದ್ದಾಗ ತೊಂದರೆ ಕೊಟ್ಟರು ಅಂತ ಹಕ್ಕುಚ್ಯುತಿಯ ಆರೋಪ. ಸದನದ ಸಮಿತಿ ವಿಚಾರಣೆ ಮಾಡಿ ವರದಿ ಕೊಟ್ಟಿತು. 1978ರ ಡಿಸೆಂಬರ್ 19ರಂದು ಲೋಕಸಭೆ ನಿರ್ಣಯ ಮಾಡಿತು: ಸದಸ್ಯತ್ವ ರದ್ದು, ಅಧಿವೇಶನ ಮುಗಿಯುವವರೆಗೆ ಜೈಲು. ವಾರಂಟು ಹೊರಟದ್ದು ಸ್ಪೀಕರ್ ಹೆಸರಿನಲ್ಲಿ. ಇಂದಿರಾಗಾಂಧಿಯವರು ಒಂದು ವಾರ ತಿಹಾರ್ ಜೈಲಿನಲ್ಲಿದ್ದರು.

ಹೆಗ್ಡೆಯವರ ಜೀವನದ ಬಿಗಿ ಗಂಟು ಇದೇ. ನಿರ್ಣಯ ಸದನದ್ದು. ಸ್ಪೀಕರ್‌ಗೆ ವೋಟು ಕೂಡ ಇಲ್ಲ, ಎರಡೂ ಕಡೆ ಸಮ ಬಂದರೆ ಮಾತ್ರ ಹಾಕಬಹುದು. ಸದನ ಹೇಳಿದ್ದನ್ನು ಜಾರಿ ಮಾಡದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಆದರೂ ನೋಡುವವರ ಕಣ್ಣಿಗೆ ಅದು ಹಳೇ ಬಾಕಿ ತೀರಿಸಿದಂತೆ ಕಂಡಿತು. ತನ್ನ ಕೇಸಿಗೆ ತಾನೇ ಜಡ್ಜ್ ಆಗಬಾರದು ಅಂತ ಬರೆದವರಿಗೇ ಇಂಥ ಹೊತ್ತು ಬಂದದ್ದು ವಿಧಿಯ ಆಟ. 1981ರಲ್ಲಿ ಹೊಸ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು.

ಜಡ್ಜ್ ಆದವರು ರಾಜಕೀಯಕ್ಕೆ ಬರಬೇಕೇ? ಈ ಪ್ರಶ್ನೆ ಇಂದಿಗೂ ಜೀವಂತ. 2020ರಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯ್ ರಾಜ್ಯಸಭೆಗೆ ನಾಮಕರಣವಾದಾಗಲೂ ಇದೇ ಚರ್ಚೆ. ಹೆಗ್ಡೆಯವರ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಮೊದಲನೆಯದು ಅವರಿಗೆ ಅನುಕೂಲ: ಯಾರೋ ಕರೆದು ಕೊಟ್ಟ ಸೀಟಿಗೆ ಅವರು ಹೋಗಲಿಲ್ಲ. ಕೋರ್ಟು ಬಿಟ್ಟು ನಾಲ್ಕು ವರ್ಷದ ಮೇಲೆ ಮತದಾರನ ಮನೆ ಬಾಗಿಲಿಗೆ ಹೋಗಿ, ಸೋಲಿನ ಅಪಾಯ ಹೊತ್ತು, ಗೆದ್ದು ಬಂದರು. ಎರಡನೆಯದು ಪ್ರತಿಕೂಲ: ಪಕ್ಷದ ಧ್ವಜ ಹಿಡಿದ ಮೇಲೆ ಅವರ ಹಳೇ ತೀರ್ಪುಗಳಲ್ಲೂ ರಾಜಕೀಯ ಹುಡುಕುವವರಿಗೆ ಒಂದು ನೆಪ ಸಿಕ್ಕಿತು. ಎರಡೂ ಖರೆ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ತೂಕ ತಪ್ಪುತ್ತದೆ.

ಅವರು ಪೀಠದಲ್ಲಿದ್ದಾಗ ನಡೆದ ಮತ್ತೊಂದು ದೊಡ್ಡ ಕೆಲಸ 1978ರ 44ನೇ ತಿದ್ದುಪಡಿ. ತುರ್ತುಪರಿಸ್ಥಿತಿಯಲ್ಲಿ ಆರು ವರ್ಷಕ್ಕೆ ಎಳೆದಿದ್ದ ಲೋಕಸಭೆಯ ಅವಧಿ ಮತ್ತೆ ಐದಕ್ಕೆ ಬಂತು. ಮನಸ್ಸಿಗೆ ಬಂದಂತೆ ತುರ್ತುಪರಿಸ್ಥಿತಿ ಹೇರಲು ಬಾರದಂತೆ ಬಿಗಿ ಮಾಡಲಾಯಿತು. ಅದೇ ತಿದ್ದುಪಡಿಯಲ್ಲಿ ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದರು. ಆಸ್ತಿವಂತರ ಪರ ಅನಿಸಿಕೊಂಡ ಹೆಗ್ಡೆಯವರು ಪೀಠದಲ್ಲಿದ್ದ ಸದನವೇ ಅದನ್ನು ಮಾಡಿತು ಎಂಬುದು ವಿಶೇಷ.

1979ರ ಜುಲೈನಲ್ಲಿ ಜನತಾ ಪಕ್ಷ ಒಡೆಯಿತು. ಮೊರಾರ್ಜಿ ದೇಸಾಯಿ ಹೋದರು, ಚರಣ್ ಸಿಂಗ್ ಬಂದರು, ಅವರೂ ಹೋದರು. ಆಗಸ್ಟ್ 22ರಂದು ಲೋಕಸಭೆ ವಿಸರ್ಜನೆ. ಸಭೆ ಹೋದರೂ ಸ್ಪೀಕರ್ ಹುದ್ದೆ ಹೊಸ ಸಭೆ ಕೂಡುವವರೆಗೆ ಉಳಿಯುತ್ತದೆ. 1980ರ ಜನವರಿ 21ರವರೆಗೆ ಹೆಗ್ಡೆಯವರು ಆ ಜಾಗದಲ್ಲಿದ್ದರು.

ಊರಿಗೆ ಕೊಟ್ಟದ್ದು

ಸ್ಪೀಕರ್ ಆಗಿದ್ದಾಗಲೇ, 1979ರಲ್ಲಿ, ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಅವರು ವಿದ್ಯಾಸಂಸ್ಥೆಯ ಟ್ರಸ್ಟು ಕಟ್ಟಿದರು. ಹಳ್ಳಿ ಮಕ್ಕಳ ಶಾಲೆಯಿಂದ ಶುರುವಾದದ್ದು 1986ಕ್ಕೆ ಇಂಜಿನಿಯರಿಂಗ್ ಕಾಲೇಜು ಕಂಡಿತು. ಇಂದು ಅದು ವಿಶ್ವವಿದ್ಯಾಲಯ. ಮಂಗಳೂರು ಬಳಿಯ ದೇರಳಕಟ್ಟೆಯಲ್ಲಿ ಅವರ ಹೆಸರಿನ ಆಸ್ಪತ್ರೆ, ವೈದ್ಯಕೀಯ ಕಾಲೇಜು ಇವೆ.

1990ರ ಮೇ 24ರಂದು, 80 ದಾಟಿ 81ರ ಹೊಸ್ತಿಲಲ್ಲಿ, ಹೆಗ್ಡೆಯವರು ತೀರಿಕೊಂಡರು. ಅವರ ಮಗ ಎನ್. ಸಂತೋಷ್ ಹೆಗ್ಡೆ 1999ರಲ್ಲಿ ಸುಪ್ರೀಂ ಕೋರ್ಟ್ ಜಡ್ಜ್ ಆದರು. ಮುಂದೆ ಕರ್ನಾಟಕದ ಲೋಕಾಯುಕ್ತರಾಗಿ 2011ರಲ್ಲಿ ಬಳ್ಳಾರಿ ಗಣಿ ವರದಿ ಕೊಟ್ಟು ವಿಧಾನಸೌಧವನ್ನೇ ಅಲ್ಲಾಡಿಸಿದ್ದು ನಮ್ಮ ಕಣ್ಣ ಮುಂದಿನ ಮಾತು.

ಕಂಬ ನಿಂತಿದೆ

1975ರ ನವೆಂಬರಿನಲ್ಲಿ ಕೇಶವಾನಂದ ತೀರ್ಪನ್ನು ಮರುಪರಿಶೀಲಿಸಲು ಮುಖ್ಯ ನ್ಯಾಯಮೂರ್ತಿ ರೇ ಅವರು 13 ಜನರ ಪೀಠ ಕೂಡಿಸಿದರು. ಎರಡೇ ದಿನದ ವಾದ, ಮೂರನೇ ದಿನ ಪೀಠವೇ ಬರಖಾಸ್ತು. ತೀರ್ಪು ಉಳಿಯಿತು. 1980ರಲ್ಲಿ ಬೆಂಗಳೂರಿನ ಮಿನರ್ವಾ ಮಿಲ್ ಕೇಸಿನಲ್ಲಿ ಅದು ಇನ್ನಷ್ಟು ಗಟ್ಟಿಯಾಯಿತು. 1994ರಲ್ಲಿ ಹುಬ್ಬಳ್ಳಿಯ ಎಸ್.ಆರ್. ಬೊಮ್ಮಾಯಿಯವರ ಕೇಸಿನಲ್ಲಿ, ಚುನಾಯಿತ ರಾಜ್ಯ ಸರ್ಕಾರವನ್ನು ದಿಲ್ಲಿಯಿಂದ ಸುಮ್ಮಸುಮ್ಮನೆ ಕಿತ್ತೆಸೆಯುವ ಚಾಳಿಗೆ ಕಡಿವಾಣ ಬಿದ್ದದ್ದೂ ಇದೇ ಕಂಬದ ಬಲದಿಂದ. ಎಡನೀರು, ಬೆಂಗಳೂರು, ಹುಬ್ಬಳ್ಳಿ: ಮೂರು ಕೇಸಿನ ಬೇರೂ ಕನ್ನಡದ ಮಣ್ಣಿನಲ್ಲೇ.

ಇನ್ನು ಸೀನಿಯಾರಿಟಿ. 1977ರ ಜನವರಿಯಲ್ಲಿ ಎಚ್.ಆರ್. ಖನ್ನಾ ಅವರನ್ನೂ ಹೀಗೇ ಬದಿಗೆ ಸರಿಸಿದರು. ಅವರೂ ರಾಜೀನಾಮೆ ಕೊಟ್ಟರು. ಅದೇ ಕೊನೆ. 1978ರಲ್ಲಿ ಹೊಸ ಸರ್ಕಾರಕ್ಕೆ ಸರದಿ ಬಂದಾಗ, ಆರರ ಕಡೆಯಿದ್ದ ವೈ.ವಿ. ಚಂದ್ರಚೂಡರನ್ನೇ ಸೀನಿಯಾರಿಟಿ ಪ್ರಕಾರ ಮುಖ್ಯ ನ್ಯಾಯಮೂರ್ತಿ ಮಾಡಿದರು. ಅಂದಿನಿಂದ ಬಂದ ಯಾವ ಸರ್ಕಾರವೂ, ಎಷ್ಟೇ ಬಹುಮತ ಇದ್ದರೂ, ಮುಖ್ಯ ನ್ಯಾಯಮೂರ್ತಿಯ ಸರದಿ ತಪ್ಪಿಸುವ ಧೈರ್ಯ ಮಾಡಿಲ್ಲ.

ಹನ್ನೊಂದು ತಿಂಗಳ ಆ ಕುರ್ಚಿ ಕೆ.ಎಸ್. ಹೆಗ್ಡೆಯವರಿಗೆ ಸಿಗಲೇ ಇಲ್ಲ. ಆದರೆ ಆ ಕುರ್ಚಿಗೆ ಬೆಲೆ ಉಳಿದಿದ್ದರೆ, ಅದರಲ್ಲಿ ಕೂರದೇ ಎದ್ದು ಬಂದ ಮೂವರ ಪಾಲು ದೊಡ್ಡದು. ಆ ಮೂವರಲ್ಲಿ ಒಬ್ಬರು ಕನ್ನಡಿಗರು.